ಹುಣ್ಣಿಮೆಯ ಗೋಷ್ಠಿ

ಪರಿಚಯವೆಂಬುದು ಕಷ್ಟಕಾಲದಲ್ಲಿ ಉಪಯೋಗಕ್ಕೆ ಬರತಕ್ಕ ವಸ್ತುವೆಂಬುದನ್ನು ಎಲ್ಲರೂ ಬಲ್ಲರು. ಆದರೆ ಕಷ್ಟ ಬಂದ ಮೇಲೆ ಅದನ್ನು ಸಂಪಾದಿಸಹೊರಟವನ ಪಾಡು, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಹೊರಟವನ ಪಾಡೇ ಸರಿ. ಒಂದೊಂದು ವೃತ್ತಿಯಲ್ಲಿ ನಿರತರಾದವರು ಕಾರ್ಯವಿದ್ದಾಗ ಮಾತ್ರ ಒಬ್ಬರನ್ನೊಬ್ಬರು ಅರಸುವುದು ಲೋಕರೂಢಿ. ಕಾರ್ಯವಿಲ್ಲದಾಗಲೂ ನಿಯಮದಿಂದ ಕಲೆಯುವುದು ವಿರಳ. ಈ ವಿರಳವಾದ ಅಭ್ಯಾಸದಿಂದ ಏನು ಫಲವುಂಟಾಗಬಹುದೆಂಬುದಕ್ಕೆ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ, ಬರ್ಮಿಂಗ್‌ಹ್ಯಾಂ ಪಟ್ಟಣದ ಸುತ್ತ ನೆಲಸಿದ್ದ ಕೆಲವರ ಚರಿತ್ರೆಯು ಉತ್ತಮ ನಿದರ್ಶನವಾಗಿದೆ.

ಆ ಪಟ್ಟಣದಲ್ಲಿ ಮ್ಯಾಥ್ಯೂ ಬೋಲ್ಟನ್ ಎಂಬ ವರ್ತಕನಿದ್ದನು. ಗುಂಡಿಗಳು, ಬಕಲುಗಳು, ಬೆಳ್ಳಿಯ ಸಾಮಾನುಗಳು ಮೊದಲಾದುವನ್ನು ಮಾಡಿಸುವುದು ಅವನ ಉದ್ಯೋಗ. ಊರ ಹೊರಗೆ ಸೋಹೋ ಎಂಬಲ್ಲಿ ಅವನು ದೊಡ್ಡ ಕಾರ್ಖಾನೆಯನ್ನು ಕಟ್ಟಿಸಿದನು. ಸುಮಾರು 15 ಮೈಲಿ ದೂರದ ಲಿಚ್‌ಫೀಲ್ಡಿನಲ್ಲಿ ಎರಾಸ್ಮಸ್ ಡಾರ್ವಿನ್ ಎಂಬ ವೈದ್ಯನು ಅವನ ಮಿತ್ರನಾಗಿದ್ದನು. ಅಮೆರಿಕದ ವರ್ಜೀನಿಯಾದಿಂದ ಹಿಂದಿರುಗಿದ್ದ ವಿಲಿಯಂ ಸ್ಮಾಲ್ ಎಂಬ ಮತ್ತೊಬ್ಬ ವೈದ್ಯನು 1765ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಬಂದನು. ಅಲ್ಲಿಯ ವಿದ್ಯಾಶಾಲೆಯಲ್ಲಿ ಅವನು ಉಪಾಧ್ಯಾಯನಾಗಿದ್ದಾಗ, ಮುಂದೆ ಆ ದೇಶದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ನನು ಅವನ ಶಿಷ್ಯನಾಗಿದ್ದನು. ಸ್ಮಾಲನು ಬೋಲ್ಟನ್ನನ ಬಾಗಿಲಿಗೆ ಬಂದುದು ಬೆಂಜಮಿನ್ ಫ್ರಾಂಕ್ಲಿನ್ನನ ಪರಿಚಯಪತ್ರವನ್ನು ಹಿಡಿದು. ಫ್ರಾಂಕ್ಲಿನ್ನನಾದರೋ 1727ರಲ್ಲಿಯೇ ಫಿಲಡೆಲ್ಫಿಯಾದಲ್ಲಿ ಸಣ್ಣ ವೃತ್ತಿಯವರನ್ನು ಕೂಡಿಸಿ, ಪ್ರತಿ ಶುಕ್ರವಾರದ ಸಂಜೆ ಸೇರುವ ಕೂಟವೊಂದನ್ನು ನಡಸಿದ್ದವನು. ಇಂಥವನ ಒಂದು ಕಾಗದದಿಂದ ಬರ್ಮಿಂಗ್‌ಹ್ಯಾಮಿನ ಗೆಳೆತನಕ್ಕೆ ಒಂದು ಕೇಂದ್ರವೇರ್ಪಟ್ಟಿತು. ಸ್ಮಾಲನು ಮಿತಭಾಷಿ, ಗ್ರಂಥ ಬರೆದವನಲ್ಲ. ಆದರೆ ಯಾರಿಗೆ ಯಾರ ಪರಿಚಯ ಬೇಕೋ ಅವರನ್ನು ಕೂಡಿಸುವುದರಲ್ಲಿಯೂ, ದೂರದಲ್ಲಿದ್ದವರಿಗೆ ತಪ್ಪದೆ ಕಾಗದ ಬರೆಯುವುದರಲ್ಲಿಯೂ ಅವನು ಅದ್ವಿತೀಯನಾಗಿದ್ದನು.

1767ರಲ್ಲಿ ಜೇಮ್ಸ್ ವಾಟ್ ಎಂಬ ಸ್ಕಾಟ್ಲೆಂಡಿನ ಯಂತ್ರಕಾರನು ಲಂಡನ್ನಿನಿಂದ ಊರಿಗೆ ಹಿಂದಿರುಗುತ್ತ ಆ ದಾರಿಯಲ್ಲಿ ಬಂದನು. ಬೋಲ್ಟನ್ನನು ಊರಿನಲ್ಲಿರಲಿಲ್ಲ. ಸ್ಮಾಲನೇ ಅವನನ್ನು ಆದರಿಸಿದನು. ಮಾರನೆಯ ವರ್ಷ ವಾಟನು ಬೋಲ್ಟನ್ನನನ್ನೂ ಕಂಡನು. ಅಂದಿನ ಉಗಿಯಂತ್ರಗಳಲ್ಲಿ ಉಗಿಯನ್ನು ಒಳಗೆ ಬಿಟ್ಟ ಕೊಳವೆಯಲ್ಲಿಯೇ ತಣ್ಣೀರನ್ನು ಚಿಮ್ಮಿಸಿ ಅದನ್ನು ನೀರಾಗಿಸುತ್ತಿದ್ದರು. ಹೀಗೆ ಪ್ರತಿ ಸಲವೂ ಕಾದ ಕೊಳವೆ ತಣಿದು, ಅದನ್ನು ಮತ್ತೆ ಕಾಯಿಸುವುದಕ್ಕೆ ಕಲ್ಲಿದ್ದಲು ವ್ಯರ್ಥವಾಗುತ್ತಿತ್ತು. ಉಗಿಯನ್ನು ಬೇರೊಂದು ಪಾತ್ರೆಗೆ ಒಯ್ದು ಅಲ್ಲಿ ತಣಿಸುವ ಉಪಾಯವನ್ನು ವಾಟನು 1765ರಲ್ಲಿ ಕಂಡುಹಿಡಿದಿದ್ದನು. 1769ರಲ್ಲಿ ಅದಕ್ಕೆ ಸರ್ಕಾರದ ಸನದು ದೊರೆಯಿತು. ಆದರೆ ಅವನಿಗೆ ಬಂಡವಾಳ ಕೊಟ್ಟಿದ್ದ ರೋಬಕ್ ಎಂಬಾತನು 1773ರಲ್ಲಿ ದಿವಾಳಿಯಾದನು. ರೋಬಕ್ಕನಿಗೆ ಸಾಲ ಕೊಟ್ಟವರಲ್ಲಿ ಯಾರೂ ಈ ಯಂತ್ರಕ್ಕೆ ಕಾಸಿನ ಬೆಲೆಯನ್ನೂ ಕಟ್ಟಲಿಲ್ಲ. ಅದೇ ವರ್ಷ ವಾಟನಿಗೆ ಪತ್ನೀವಿಯೋಗವೂ ಆಯಿತು.

ಆಗ ಅವನು ಹೊಸಬರ ಮನೆಯ ಕದವನ್ನು ತಟ್ಟಬೇಕಾಗಿ ಬರಲಿಲ್ಲ. ಆರು ವರ್ಷಗಳಿಂದಲೂ ಸ್ಮಾಲನ ಕಾಗದಗಳು ಬರುತ್ತಲೇ ಇದ್ದುವು. ಬೋಲ್ಟನ್ನನಿಗೆ ಯಂತ್ರದ ಗುಣವೂ ತಿಳಿದಿತ್ತು, ಯಂತ್ರಕಾರನ ಗುಣವೂ ತಿಳಿದಿತ್ತು. ತನಗೆ ಬರಬೇಕಾಗಿದ್ದ 1200 ಪೌಂಡುಗಳ ಸಾಲಕ್ಕೆ ಬದಲಾಗಿ ಸನದಿನಲ್ಲಿ ರೋಬಕ್ಕನಿಗಿದ್ದ ಭಾಗವನ್ನು ಅವನು ತೆಗೆದುಕೊಂಡನು. 1774ರಲ್ಲಿ ವಾಟನು ಬರ್ಮಿಂಗ್‌ಹ್ಯಾಮಿಗೆ ಬಂದು ನೆಲಸಿದನು. ಕೊಳವೆಯ ಒಳಮೈಯನ್ನು ಸಮನಾಗಿ ಕೊರೆಯುವ ಕೌಶಲವು ಬೋಲ್ಟನ್ನನ ಪರಿಚಿತನಾದ ಜಾನ್ ವಿಲ್ಕಿನ್ಸನ್ನನ ಕಬ್ಬಿಣದ ಕಾರ್ಖಾನೆಯಲ್ಲಿ ದೊರೆಯಿತು. 1775ರಲ್ಲಿ ಪಾರ್ಲಿಮೆಂಟು ಸನದಿನ ಅವಧಿಯನ್ನು 1800ರವರೆಗೆ ವಿಸ್ತರಿಸಿತು. 1776ರಲ್ಲಿ ಮೊದಲನೆಯ ಯಂತ್ರಗಳು ನಡೆದುವು. ಹಳೆಯ ಯಂತ್ರಕ್ಕಿಂತ ಎಷ್ಟು ಕಲ್ಲಿದ್ದಲು ಉಳಿಯಿತೋ ಅದರ ಬೆಲೆಯಲ್ಲಿ ಮೂರನೆಯ ಒಂದು ಭಾಗವನ್ನು ಕೊಡಬೇಕೆಂಬುದೇ ಗಿರಾಕಿಗಳೊಡನೆ ಅವರು ಮಾಡಿಕೊಳ್ಳುತ್ತಿದ್ದ ಕರಾರು. ಲೋಕದ ಕೈಗಾರಿಕೆಯನ್ನು ಮಾರ್ಪಡಿಸಿದ ಈ ಯಂತ್ರವನ್ನು ಉಳಿಸಿದುದು ಬಿಡದೆ ಪೋಷಿಸಿದ ಒಂದು ಪರಿಚಯ.

ಆದರೆ ಮೊದಲನೆಯ ಯಂತ್ರವು ನಡೆಯುವುದನ್ನು ಕಾಣುವ ಭಾಗ್ಯ ಸ್ಮಾಲನಿಗಿರಲಿಲ್ಲ. 1775ರ ಫೆಬ್ರವರಿಯಲ್ಲಿ ಅವನು ತೀರಿಕೊಂಡನು. ಅದುವರೆಗೆ ಮಿತ್ರರ ಸೇರುವಿಕೆಗೆ ಕಟ್ಟುಪಾಡಿರಲಿಲ್ಲ; ಅವನೊಬ್ಬನೇ ಕಟ್ಟಾಗಿದ್ದನು. ಕಟ್ಟು ಬಿಚ್ಚಿದ ಕಟ್ಟಿಗೆಯ ಹೊರೆಯಂತೆ ಎಲ್ಲರೂ ಚದರಿಹೋಗಬಹುದಾಗಿತ್ತು. ಹಾಗಾಗಲಿಲ್ಲ. ಡಾರ್ವಿನ್ನನು ಬಹುಬೇಗ ಸ್ಟ್ಯಾಫರ್ಡಿನ ವಿಲಿಯಂ ವಿದರಿಂಗ್ ಎಂಬ ವೈದ್ಯನಿಗೆ ಬರೆದು, ಸ್ಮಾಲನ ಸ್ಥಳಕ್ಕೆ ಬರುವಂತೆ ಪ್ರೇರೇಪಿಸಿದನು. ಬೋಲ್ಟನ್ನನು 1775ರ ಡಿಸೆಂಬರ್ 31ರಂದು ಮಿತ್ರರನ್ನು ತನ್ನ ಮನೆಗೆ ಕರೆದನು. ಅಲ್ಲಿಂದ ಮುಂದೆ ಒಬ್ಬ ವ್ಯಕ್ತಿಯ ಸೌಜನ್ಯವನ್ನು ಅವಲಂಬಿಸಿದ್ದ ಸ್ನೇಹವು ಒಂದು ತಿಥಿಯನ್ನು ಅವಲಂಬಿಸಿತು. ತಿಂಗಳಿಗೊಮ್ಮೆ, ಹುಣ್ಣಿಮೆಗೆ ಹತ್ತಿರವಾದ ಭಾನುವಾರ ಸೇರುವುದೆಂದು ಗೊತ್ತಾಯಿತು. ಇದರಲ್ಲಿ ಕಾವ್ಯವೇನೂ ಇಲ್ಲ. ಆ ಕಾಲದಲ್ಲಿ ಊರಿನಿಂದ ಊರಿಗೆ ಹೋಗುವ ದಾರಿಗಳಲ್ಲಿ ದೀಪವಿರಲಿಲ್ಲ. ರಾತ್ರಿ ಗಾಡಿ ಹೊಡೆದುಕೊಂಡು ಮನೆ ಸೇರಬೇಕಾದವರಿಗೆ ಬೆಳುದಿಂಗಳೇ ಗತಿ. ಮಧ್ಯಾಹ್ನ ಎರಡು ಗಂಟೆಗೆ ಊಟಕ್ಕೆ ಕುಳಿತರೆ ರಾತ್ರಿ ಎಂಟರವರೆಗೆ ಮಾತು, ಪ್ರಯೋಗ, ವಿನೋದ. ಹೀಗಾಗಿ ಇದಕ್ಕೆ ಚಂದ್ರಗೋಷ್ಠಿಯೆಂಬ ಹೆಸರು ಬಂದಿತು.

ಈ ಗೋಷ್ಠಿಗೆ ಅಧ್ಯಕ್ಷನಿರಲಿಲ್ಲ, ನಿಬಂಧನೆಗಳಿರಲಿಲ್ಲ, ನಡವಳಿಯ ಪುಸ್ತಕವೂ ಇರಲಿಲ್ಲ. ಎಲ್ಲ ಕಾಲಗಳನ್ನು ಕೂಡಿಸಿದರೂ ಸದಸ್ಯರು ಹದಿನಾಲ್ಕರಷ್ಟೇ. ವೈದ್ಯ, ಗಡಿಯಾರ ಮಾಡುವವನು, ರಸಾಯನಜ್ಞ, ಬಂದೂಕಿನ ವ್ಯಾಪಾರಿ, ಪಾದ್ರಿ, ಹೀಗೆ ಒಬ್ಬರ ಕಸುಬು ಮತ್ತೊಬ್ಬರದಲ್ಲ. ಸುಮಾರು 40 ಮೈಲಿಯಾಚೆ ಮಣ್ಣಿನ ಪಾತ್ರೆಗಳ ಕಾರ್ಖಾನೆಯಿಟ್ಟಿದ್ದ ಜೋಸಯಾ ವೆಡ್ಜ್‌ವುಡ್ಡನು ಅಪರೂಪವಾಗಿ ಬರುತ್ತಿದ್ದನು. 1778ರಲ್ಲಿ ಡಾರ್ವಿನ್ನನು ರೋಗಿಗಳ ದೆಸೆಯಿಂದ ಬರಲಾಗದೆ, ಮನುಷ್ಯರಿಗೆ ವ್ಯಾಧಿಗಳನ್ನು ಕಳುಹಿಸುವ ಪಾತಾಳದೇವತೆಗಳನ್ನು ನಿಂದಿಸಿ ಬೋಲ್ಟನ್ನನಿಗೆ ಕಾಗದ ಬರೆದನು. ಬಾರದವನು ಬಾರದುದಕ್ಕಾಗಿ ಮರುಗುವುದಕ್ಕಿಂತ ಹೆಚ್ಚಿನ ನಿಬಂಧನೆ ಯಾವ ಸಭೆಗೆ ಬೇಕು?

1780ರಲ್ಲಿ ಜೋಸೆಫ್ ಪ್ರೀಸ್ಟ್ಲಿಯು ಬರ್ಮಿಂಗ್‌ಹ್ಯಾಮಿಗೆ ಬಂದನು. ಅವನು 1774ರಲ್ಲಿ ಪ್ರಾಣವಾಯುವನ್ನು ಬೇರ್ಪಡಿಸಿದ್ದ ಪ್ರಸಿದ್ಧ ವಿಜ್ಞಾನಿ, ವೃತ್ತಿಯಿಂದ ಪಾದ್ರಿ. ಭಾನುವಾರ ಅವನಿಗೆ ಪ್ರಾರ್ಥನೆಯ ಕಾರ್ಯವಿದ್ದುದರಿಂದ ಗೋಷ್ಠಿಯು ತನ್ನ ದಿನವನ್ನೇ ಸೋಮವಾರಕ್ಕೆ ಬದಲಾಯಿಸಿಕೊಂಡಿತು. ವೆಡ್ಜ್‌ವುಡ್ಡನು ಅವನ ಪ್ರಯೋಗಗಳಿಗೆ ಬೇಕಾದ ಮಣ್ಣಿನ ಪಾತ್ರೆಗಳನ್ನು ಮಾಡಿಸಿಕೊಟ್ಟನು, ಹಣವನ್ನೂ ಒದಗಿಸಿದನು. ನಿಯಮವು ಮನುಷ್ಯರಿಗಾಗಿ ಇದ್ದುದರಿಂದಲೇ ಅದು ಬಾಳಿತು.

ಇವರೆಲ್ಲರೂ ಏಕಾಭಿಪ್ರಾಯದವರಾಗಿದ್ದರೆಂದು ವಾಚಕರು ಭಾವಿಸಬಾರದು. ವೆಡ್ಜ್‌ವುಡ್ಡನು 1787ರಲ್ಲಿ ಗುಲಾಮರ ವ್ಯಾಪಾರವನ್ನು ವಿರೋಧಿಸಿ ಪದಕಗಳನ್ನು ಮಾಡಿಸಿ ಹಂಚಿದನು. ಅದೇ ಗೋಷ್ಠಿಯ ಸ್ಯಾಮ್ಯುಅಲ್ ಗಾಲ್ಟನ್ನನ ಮನೆತನದ ಬಂದೂಕುಗಳು ಆಫ್ರಿಕದ ಆ ವ್ಯಾಪಾರಕ್ಕೇ ಹೋಗುತ್ತಿದ್ದುವು. ವಿದರಿಂಗನು 1785ರಲ್ಲಿ ಡಿಜಿಟಾಲಿಸ್ ಎಂಬ ಗಿಡಮೂಲಿಕೆಯ ಗುಣವನ್ನು ವಿವರಿಸುವ ಗ್ರಂಥವನ್ನು ಪ್ರಕಟಿಸಿದಾಗ, ಅವನನ್ನು ಕರೆತಂದ ಡಾರ್ವಿನ್ನನಿಗೂ ಅವನಿಗೂ ಯಾರು ಮೊದಲಿಗರೆಂಬ ಮನಸ್ತಾಪವುಂಟಾಗಿ ಮೊದಲಿನ ಸ್ನೇಹವು ಕೆಟ್ಟಿತು. ನಿಯತವಾದ ಸಮಾಗಮವು ಪರಸ್ಪರ ಜ್ಞಾನವನ್ನು ಕೊಡುತ್ತದೆ. ಮಾತ್ಸರ್ಯವನ್ನು ಕಳೆಯುವ ಔಷಧವು ಅದರಲ್ಲಿಲ್ಲ.

ಇದಕ್ಕಿಂತ ಕಠಿನವಾದ ಪರೀಕ್ಷೆ ಹೊರಗಿನಿಂದ ಬಂದಿತು. ಫ್ರಾನ್ಸಿನ ಕ್ರಾಂತಿಯ ಎರಡನೆಯ ವಾರ್ಷಿಕದ ನಿಮಿತ್ತ 1791ರ ಜುಲೈ 14ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಒಂದು ಔತಣ ನಡೆಯಿತು. ಗೋಷ್ಠಿಯ ಜೇಮ್ಸ್ ಕೀರನು ಅದರ ಅಧ್ಯಕ್ಷತೆಯನ್ನು ವಹಿಸಿದ್ದನು. ಪ್ರೀಸ್ಟ್ಲಿಯು ಅಲ್ಲಿಗೆ ಹೋಗಿರಲೇ ಇಲ್ಲ. ಆದರೂ ರೊಚ್ಚಿಗೆದ್ದ ಜನರು ಅವನ ಪ್ರಾರ್ಥನಾಮಂದಿರವನ್ನು ಸುಟ್ಟು, ಮನೆಗೆ ನುಗ್ಗಿ, ಪುಸ್ತಕಭಂಡಾರವನ್ನೂ ಪ್ರಯೋಗಶಾಲೆಯನ್ನೂ ಧ್ವಂಸಮಾಡಿದರು. ಅನೇಕ ವರ್ಷಗಳ ಶ್ರಮವು ಒಂದು ರಾತ್ರಿಯಲ್ಲಿ ಬೂದಿಯಾಯಿತು. ಅವನು ಲಂಡನ್ನಿಗೆ ಹೋಗಿ, 1794ರಲ್ಲಿ ದೇಶವನ್ನೇ ಬಿಟ್ಟು ಅಮೆರಿಕಕ್ಕೆ ತೆರಳಿದನು. ಹೋಗುವುದಕ್ಕೆ ಮುಂಚೆ, 1793ರಲ್ಲಿ ಪ್ರಕಟವಾದ ತನ್ನ ವಿಜ್ಞಾನಗ್ರಂಥವೊಂದನ್ನು ಚಂದ್ರಗೋಷ್ಠಿಯ ಮಿತ್ರರಿಗೆ ಅರ್ಪಿಸಿದನು. ಸರ್ವಸ್ವವನ್ನು ಕಳೆದುಕೊಂಡ ಊರಿನಲ್ಲಿ ಅವನು ಕಳೆದುಕೊಳ್ಳದೆ ಉಳಿಸಿಕೊಂಡುದು ಇವರನ್ನೇ.

ಆ ಮೇಲೆಯೂ ಗೋಷ್ಠಿ ಸೇರುತ್ತಿತ್ತು. ಆದರೆ ಕುರ್ಚಿಗಳು ಒಂದೊಂದಾಗಿ ಬರಿದಾದುವು. ವೆಡ್ಜ್‌ವುಡ್ಡನು 1795ರಲ್ಲಿಯೂ, ಡಾರ್ವಿನ್ನನು 1802ರಲ್ಲಿಯೂ, ಬೋಲ್ಟನ್ನನು 1809ರಲ್ಲಿಯೂ ಗತಿಸಿದರು. 1775ರಲ್ಲಿ ಸ್ಮಾಲನ ಸ್ಥಾನಕ್ಕೆ ಕೂಡಲೆ ಒಬ್ಬನನ್ನು ಬರಮಾಡಿಕೊಂಡ ಆ ಎಚ್ಚರವು ಕಡೆಗಾಲದಲ್ಲಿ ಕಾಣಲಿಲ್ಲ. 1813ರಲ್ಲಿ ಗೋಷ್ಠಿಯ ಪುಸ್ತಕಗಳು ಯಾರಿಗೆ ಸೇರಬೇಕೆಂದು ಚೀಟಿಯೆತ್ತಿದರು. ಅವು ಗಾಲ್ಟನ್ನನ ಪಾಲಿಗೆ ಬಂದುವು. ಹುಣ್ಣಿಮೆಯು ತಿಂಗಳು ತಿಂಗಳಿಗೂ ತಾನಾಗಿಯೇ ಬರುತ್ತಿತ್ತು. ಗಾಡಿ ಕಟ್ಟಿಕೊಂಡು ಬರತಕ್ಕವರು ಮಾತ್ರ ಉಳಿಯಲಿಲ್ಲ.