ಊರೊಟ್ಟಿನ ವೈದ್ಯ

ಕೆನಡಾ ದೇಶದಲ್ಲಿ ಕಾಯಿಲೆ ಬಿದ್ದವನು ವೈದ್ಯರನ್ನು ಕಂಡರೆ, ಆಸ್ಪತ್ರೆಗೆ ಸೇರಿದರೆ, ಆ ಚಿಕಿತ್ಸೆಯ ಬಿಲ್ಲು ಅವನ ಕೈಗೆ ಬರುವುದಿಲ್ಲ. ಜನರು ತೆತ್ತ ತೆರಿಗೆಯಿಂದ ಸರ್ಕಾರವೇ ಅದನ್ನು ಸಲ್ಲಿಸುತ್ತದೆ. ಈ ಏರ್ಪಾಡಿನ ಕೀರ್ತಿಯೆಲ್ಲ ಟಾಮಿ ಡಗ್ಲಸ್ ಎಂಬ ಮುತ್ಸದ್ದಿಗೆ ಸಲ್ಲುವುದು ವಾಡಿಕೆ. 2004ರಲ್ಲಿ ಅಲ್ಲಿನ ದೂರದರ್ಶನ ಸಂಸ್ಥೆ ಮತ ಕೇಳಿದಾಗ ಜನರು ಆತನನ್ನೇ ಕೆನಡಾದ ಶ್ರೇಷ್ಠ ವ್ಯಕ್ತಿಯೆಂದು ಆರಿಸಿದರು. ಆತನ ಹಿರಿಮೆಯನ್ನು ನಾನು ಅಲ್ಲಗಳೆಯಲಾರೆ. ಆದರೆ ಈ ಚರಿತ್ರೆಯ ಬೇರು ಇರುವುದು ಶಾಸನಸಭೆಯಲ್ಲಲ್ಲ, ಹಳ್ಳಿಗಳಲ್ಲಿ ಎಂಬುದು ನನ್ನ ಎಣಿಕೆ.

ಆ ದೇಶದ ಪಶ್ಚಿಮಕ್ಕೆ ಸಸ್ಕಾಚೆವಾನ್ ಎಂಬ ಪ್ರಾಂತವಿದೆ. ಕಣ್ಣು ಹಾಯುವಷ್ಟು ದೂರವೂ ಗೋಧಿಯ ಬಯಲು. ಒಕ್ಕಲುಮನೆಗಳು ಒಂದಕ್ಕೊಂದು ದೂರ ದೂರ. ಚಳಿಗಾಲ ಬಂತೆಂದರೆ ದಾರಿಯೆಲ್ಲ ಹಿಮ. ಇಂಥ ಕಡೆ ನೆಲೆಸಲು ಯಾವ ವೈದ್ಯ ತಾನೇ ಒಪ್ಪಿಯಾನು? 1914ರಲ್ಲಿ ಸಾರ್ನಿಯಾ ಎಂಬ ಗ್ರಾಮಮಂಡಲಿಯ ಜನ, ತಮ್ಮ ವೈದ್ಯ ಊರು ಬಿಡುವ ಸೂಚನೆ ಕಂಡು, ವರ್ಷಕ್ಕೆ 1,500 ಡಾಲರು ಕೊಡುವುದಾಗಿ ಹೇಳಿ ಅವನನ್ನು ಉಳಿಸಿಕೊಂಡರು. ಇದಕ್ಕಾಗಿ ಕಂದಾಯ ಎತ್ತಬಹುದೆಂದು 1916ರಲ್ಲಿ ಕಾನೂನೇ ಆಯಿತು. ವೈದ್ಯ, ಸೂಲಗಿತ್ತಿ, ಆಸ್ಪತ್ರೆ ಎಲ್ಲರ ಕೈಗೆಟುಕಬೇಕೆಂದು ವಯೊಲೆಟ್ ಮೆಕ್‌ನಾಟನ್ ಎಂಬಾಕೆ ರೈತ ಮಹಿಳೆಯರನ್ನು ಕಟ್ಟಿಕೊಂಡು ಹೋರಾಡಿದ್ದೂ ಅದೇ ಕಾಲದಲ್ಲಿ.

ನಮ್ಮ ರೈತರು ಮುಯ್ಯಾಳಿನ ಲೆಕ್ಕ ಬಲ್ಲವರು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಸಸ್ಕಾಚೆವಾನಿನ ರೈತರು ಆ ಲೆಕ್ಕವನ್ನು ಕಾಯಿಲೆಗೂ ಹಚ್ಚಿದರು. 1939ರಲ್ಲಿ ಮೆಕಿಲಪ್ ಮಂಡಲಿಯ ಮುಖಂಡ ಮ್ಯಾಟ್ ಆಂಡರ್‌ಸನ್, ತಲೆಗೆ 5 ಡಾಲರು, ಸಂಸಾರ ಎಷ್ಟೇ ದೊಡ್ಡದಿದ್ದರೂ 50ಕ್ಕೆ ಮೀರದಂತೆ, ವಂತಿಗೆ ಗೊತ್ತುಮಾಡಿದ. ಮುಂದೆ ಪಿಟ್‌ವಿಲ್ ಮಂಡಲಿಯ ಕಾರ್ಯದರ್ಶಿ ವಿಲಿಯಂ ಬುರಾಕ್ ನೆರೆಯ ಮಂಡಲಿಗಳಿಗೆಲ್ಲ ಪತ್ರ ಬರೆದು, ಸಭೆ ಕೂಡಿಸಿ ಜನರನ್ನು ಒಲಿಸಿದ. 1945ರ ನವೆಂಬರಿನಲ್ಲಿ ಸ್ವಿಫ್ಟ್ ಕರೆಂಟ್ ಸೀಮೆಯ ಜನ ಮತ ಹಾಕಿ, ತೆರಿಗೆಯನ್ನು ತಾವಾಗಿಯೇ ಬೇಡಿ ಪಡೆದರು! 1946ರ ಜುಲೈ 1ರಿಂದ ಸುಮಾರು 50,000 ಮಂದಿಗೆ ವೈದ್ಯ, ಆಸ್ಪತ್ರೆ ಎರಡೂ ದೊರೆತವು. ಡಗ್ಲಸ್ 1944ರಲ್ಲೇ ಪ್ರಾಂತದ ಮುಖ್ಯಮಂತ್ರಿಯಾಗಿದ್ದುದು ನಿಜ. ಆದರೆ ಪ್ರಾಂತಕ್ಕೆಲ್ಲ ಇಂಥ ಯೋಜನೆ ಬರಲು ಇನ್ನೂ 16 ವರ್ಷ ಹಿಡಿಯಿತು.

ಅದು ಬಂದ ಬಗೆ ಸುಗಮವಾಗಿರಲಿಲ್ಲ. 1962ರ ಜುಲೈ 1ರಂದು ಕಾನೂನು ಜಾರಿಯಾಯಿತು. ಅಂದೇ ಬಹುಪಾಲು ವೈದ್ಯರು ತಮ್ಮ ಚಿಕಿತ್ಸಾಲಯಗಳ ಬಾಗಿಲು ಮುಚ್ಚಿದರು. ತಾವು ಸರ್ಕಾರದ ನೌಕರರಾಗಿಬಿಡುವೆವೆಂಬ ಅಂಜಿಕೆ ಅವರದು. ಅದು ತೋರಿಕೆಯ ಅಂಜಿಕೆಯಾಗಿರಲಿಲ್ಲ. ಕೆಲವು ಆಸ್ಪತ್ರೆಗಳಲ್ಲಿ ಮಾತ್ರ ತುರ್ತು ಚಿಕಿತ್ಸೆ ನಡೆಯಿತು. ಮೊದಲ ದಿನವೇ ವೈದ್ಯರನ್ನು ಅರಸಿ ಊರಿಂದೂರಿಗೆ ಹೊರಟ ದಂಪತಿಗಳ ಹಸುಗೂಸೊಂದು ತೀರಿಕೊಂಡಿತು. ಜನ ಇಬ್ಭಾಗವಾದರು. ವೈದ್ಯರ ಪರವಾದ ಸಮಿತಿಗಳು ಊರೂರಿನಲ್ಲಿ ಎದ್ದವು. ಅವುಗಳಲ್ಲಿದ್ದವರೂ ಸಾಮಾನ್ಯ ಜನರೇ.

ಇನ್ನೊಂದು ಪಕ್ಷದವರು ಕೂಗಾಡುತ್ತ ಕೂರಲಿಲ್ಲ. ಹಣ ಕೂಡಿಸಿದರು, ಕಟ್ಟಡ ಹುಡುಕಿದರು, ಕೆಲಸಕ್ಕೆ ಒಪ್ಪಿದ ವೈದ್ಯರನ್ನು ಕರೆತಂದರು. ಜುಲೈ 3ರಂದು ಸಸ್ಕಟೂನ್ ನಗರದಲ್ಲಿ ಮಾರ್ಗರೆಟ್ ಮಹುಡ್, ಜೋನ್ ವಿಟ್ನಿ-ಮೂರ್ ಎಂಬ ಇಬ್ಬರು ವೈದ್ಯೆಯರೊಡನೆ ಸಹಕಾರಿ ಚಿಕಿತ್ಸಾಲಯ ತೆರೆಯಿತು. ಬ್ರಿಟನ್ನಿನಿಂದಲೂ ವೈದ್ಯರು ಬಂದರು. ಜುಲೈ 11ರಂದು ರಾಜಧಾನಿ ರೆಜೈನಾದಲ್ಲಿ ಯೋಜನೆಯ ವಿರೋಧಿಗಳು ಕರೆದ ಸಭೆಗೆ ಹತ್ತಾರು ಸಾವಿರ ಜನ ಬರುವರೆಂಬ ನಿರೀಕ್ಷೆಯಿತ್ತು. ಬಂದವರು ಕೆಲವೇ ಸಾವಿರ. ಬ್ರಿಟನ್ನಿನ ಲಾರ್ಡ್ ಟೇಲರ್ ನಡುವೆ ನಿಂತು ಸಂಧಾನ ನಡೆಸಿ, ಜುಲೈ 23ರಂದು ಒಪ್ಪಂದವಾಯಿತು. ವೈದ್ಯರು ಸಂಬಳದಾಳುಗಳಾಗಲಿಲ್ಲ, ಜನರ ಯೋಜನೆಯೂ ಉಳಿಯಿತು.

ಆಮೇಲಿನ ಕಥೆಯನ್ನು ಬೇಗ ಹೇಳಬಹುದು. ವೈದ್ಯರ ಸಂಘದ ಕೋರಿಕೆಯಂತೆ ನೇಮಕವಾಗಿದ್ದ ನ್ಯಾಯಾಧೀಶ ಎಮ್ಮೆಟ್ ಹಾಲ್ ಅವರ ಆಯೋಗವೇ 1964ರಲ್ಲಿ, ಇಂಥ ಯೋಜನೆ ದೇಶಕ್ಕೆಲ್ಲ ಬೇಕೆಂದು ಹೇಳಿತು! 1966ರಲ್ಲಿ ಕಾನೂನಾಯಿತು, 1972ರ ಹೊತ್ತಿಗೆ ಪ್ರಾಂತಗಳೆಲ್ಲ ಸೇರಿದವು.

ಈ ಏರ್ಪಾಡಿನಲ್ಲಿ ಕೊರತೆಯಿಲ್ಲವೆಂದಲ್ಲ. ಶಸ್ತ್ರಚಿಕಿತ್ಸೆಗೆ ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಔಷಧಿಯ ಖರ್ಚು ಎಲ್ಲರಿಗೂ ತೀರಿಲ್ಲ. ಆದರೂ ಬಡವನ ಕಾಯಿಲೆ ಬರಿಯ ಬಡವನ ಹಣೆಬರಹವಲ್ಲ, ಊರಿನ ಲೆಕ್ಕಕ್ಕೆ ಸೇರಿದ ಬಾಬು ಎಂಬುದನ್ನು ಆ ಗೋಧಿ ಬೆಳೆಯುವ ಜನ ಮೊದಲು ತಮ್ಮ ಮಂಡಲಿಯ ಖಾತೆಯಲ್ಲಿ ಬರೆದರು. ಶಾಸನಸಭೆ ಅದನ್ನು ಓದಿದ್ದು ಆಮೇಲೆ.