ವಾರದ ಸದ್ದಿನ ಲೆಕ್ಕ: ಕಾಫಿ ಸೀಮೆಯ ಕಿವಿ ಮತ್ತು ಚಿತ್ರಮಂದಿರದ ಧ್ವನಿಮಟ್ಟ

1. ಪ್ರಸ್ತಾವನೆ

ಚಿತ್ರಮಂದಿರದ ಸದ್ದಿನಿಂದ ಕಿವಿ ಕೆಡುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಸಾಮಾನ್ಯವಾಗಿ ಒಂದು ಆಟವನ್ನು ಅಳತೆಗೆ ತೆಗೆದುಕೊಳ್ಳುತ್ತಾರೆ. ಎರಡೂವರೆ ಗಂಟೆಯ ಸರಾಸರಿ ಮಟ್ಟ ಇಷ್ಟು, ಹೊಡೆದಾಟದ ದೃಶ್ಯದಲ್ಲಿ ಏರಿದ್ದು ಇಷ್ಟು, ಆದುದರಿಂದ ಅಪಾಯ ಉಂಟು ಅಥವಾ ಇಲ್ಲ ಎಂದು ತೀರ್ಮಾನಿಸುತ್ತಾರೆ. ಟಿಕೆಟ್ ಹರಿಯುವ ಮೊದಲು ಆ ಕಿವಿ ಏನು ಕೇಳಿ ಬಂದಿತ್ತು ಎಂಬುದು ಈ ಅಳತೆಗೆ ಸಿಗುವುದಿಲ್ಲ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಈ ಲೋಪ ಸಣ್ಣದಲ್ಲ. ಹೋಮ್‌ಸ್ಟೇ ಜಾಹೀರಾತುಗಳು ಮಲೆನಾಡನ್ನು ಮೌನದ ಊರೆಂದು ಮಾರುತ್ತವೆ. ಆದರೆ ಬಟವಾಡೆಯ ದಿನ, ಸಂತೆಯ ದಿನ ಪೇಟೆಗೆ ಬಂದು ಸಿನಿಮಾ ನೋಡುವವರಲ್ಲಿ ಕೆಲವರಾದರೂ ಆ ವಾರವೆಲ್ಲ ಕಳೆ ಯಂತ್ರ, ಚೈನ್‌ಸಾ, ಪಲ್ಪರ್, ಡೀಸೆಲ್ ಪಂಪುಗಳ ಪಕ್ಕ ದುಡಿದವರು. ಚಿತ್ರಮಂದಿರದ ಸದ್ದನ್ನು ಆಟದ ಲೆಕ್ಕದಿಂದ ಬಿಡಿಸಿ ಕೇಳುಗನ ವಾರದ ಲೆಕ್ಕಕ್ಕೆ ಸೇರಿಸಬೇಕು ಎಂಬುದು ಈ ಲೇಖನದ ವಾದ. ಇದಕ್ಕಾಗಿ ಯಾವ ಚಿತ್ರಮಂದಿರದಲ್ಲೂ ಹೊಸ ಅಳತೆ ಮಾಡಿಲ್ಲ. ಪ್ರಕಟಿತ ಮಾನದಂಡಗಳು, ಕಾನೂನಿನ ಪಠ್ಯ, ತೋಟದ ಕೆಲಸದ ವಾರ್ಷಿಕ ಕ್ರಮ ಈ ಮೂರನ್ನು ಒಟ್ಟಿಗಿಟ್ಟು ಲೆಕ್ಕ ಹಾಕಲಾಗಿದೆ.

2. ಮಟ್ಟ ಮತ್ತು ಹೊತ್ತು

ಕಿವಿಗೆ ಆಗುವ ಹಾನಿ ಸದ್ದಿನ ಮಟ್ಟದ ಮೇಲೆ ಎಷ್ಟು ನಿಂತಿದೆಯೋ, ಅದನ್ನು ಎಷ್ಟು ಹೊತ್ತು ಕೇಳಿದೆವು ಎಂಬುದರ ಮೇಲೂ ಅಷ್ಟೇ ನಿಂತಿದೆ. ಡೆಸಿಬಲ್ ಲಾಗರಿದಮ್ ಮಾನವಾದ್ದರಿಂದ 3 ಡೆಸಿಬಲ್ ಏರಿದರೆ ಧ್ವನಿಶಕ್ತಿ ಇಮ್ಮಡಿಯಾಗುತ್ತದೆ. ಅದನ್ನು ಕೇಳಬಹುದಾದ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ ದುಡಿಮೆಯ ಸ್ಥಳಕ್ಕೆ ಶಿಫಾರಸು ಮಾಡಿರುವ ಮಿತಿ ದಿನಕ್ಕೆ 85 ಡೆಸಿಬಲ್‌ನಲ್ಲಿ 8 ಗಂಟೆ. ಅದರಂತೆ 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಮೊಬೈಲ್ ಮೊದಲಾದ ಸಾಧನಗಳಲ್ಲಿ ಕೇಳುವುದಕ್ಕಾಗಿ ರೂಪಿಸಿದ ಮಾನದಂಡ ವಾರವನ್ನೇ ಘಟಕವಾಗಿ ಹಿಡಿಯುತ್ತದೆ: ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ 40 ಗಂಟೆ, ಮಕ್ಕಳಿಗೆ 75 ಡೆಸಿಬಲ್‌ನಲ್ಲಿ 40 ಗಂಟೆ. ಇದೇ ಗಣಿತವನ್ನು ಚಿತ್ರಮಂದಿರಕ್ಕೆ ಅನ್ವಯಿಸಿದರೆ, ಎರಡೂವರೆ ಗಂಟೆಯ ಚಿತ್ರದ ಸರಾಸರಿ 92 ಡೆಸಿಬಲ್ ಇದ್ದಲ್ಲಿ ದೊಡ್ಡವರ ವಾರದ ಪಾಲು ಆ ಒಂದೇ ಆಟದಲ್ಲಿ ತೀರುತ್ತದೆ. ಮಗುವಿನ ಪಾಲು 87ಕ್ಕೇ ತೀರುತ್ತದೆ. ಅಪ್ಪನ ತೊಡೆಯ ಮೇಲೆ ಕುಳಿತ ಮಗುವಿಗೂ ಅಪ್ಪನಿಗೂ ಸದ್ದು ಒಂದೇ, ಮಿತಿ ಬೇರೆ.

3. ಪರದೆಯ ಹಿಂದಿನ ಸದ್ದು ಬೆಳೆದ ಬಗೆ

ಟೆಂಟ್ ಸಿನಿಮಾದ ಕಾಲದಲ್ಲಿ ದೊಡ್ಡ ಸದ್ದು ಡೇರೆಯ ಹೊರಗಿತ್ತು. ಕಂಬಕ್ಕೆ ಕಟ್ಟಿದ ಹಾರನ್ನಿನಲ್ಲಿ ಘಂಟಸಾಲ ಹಾಡಿದ ‘ನಮೋ ವೆಂಕಟೇಶ’ ಕೇಳಿಬಂದರೆ ಆಟ ಶುರುವಾಗುತ್ತದೆಂದು ಸುತ್ತಲ ಹಳ್ಳಿಗಳಿಗೆ ತಿಳಿಯುತ್ತಿತ್ತು. ಒಳಗಿನ ಸದ್ದಿಗೆ ಯಂತ್ರವೇ ಮಿತಿ ಹಾಕಿತ್ತು: ಫಿಲ್ಮಿನ ಅಂಚಿನಲ್ಲಿ ಅಚ್ಚಾದ ಬೆಳಕಿನ ಧ್ವನಿಪಟ್ಟಿಯನ್ನು ಜೋರು ಮಾಡಿದರೆ ಮಾತು ಒಡೆದು ಕರ್ಕಶವಾಗುತ್ತಿತ್ತು, ಆಪರೇಟರ್ ತಾನಾಗಿ ತಗ್ಗಿಸುತ್ತಿದ್ದ. 1992ರಲ್ಲಿ ಡಾಲ್ಬಿ ಡಿಜಿಟಲ್, 1993ರಲ್ಲಿ ಡಿಟಿಎಸ್, 2012ರಲ್ಲಿ ಡಾಲ್ಬಿ ಅಟ್ಮಾಸ್ ಬಂದವು. ಒಡೆಯದ ಸದ್ದು ಸಾಧ್ಯವಾದಾಗ ಹಳೆಯ ಮಿತಿಯೂ ಹೋಯಿತು.

ಚಿತ್ರಮಂದಿರಗಳ ಧ್ವನಿ ಹೊಂದಾಣಿಕೆಗೆ ಅಂತರರಾಷ್ಟ್ರೀಯ ಪದ್ಧತಿಯೊಂದಿದೆ. ನಿಗದಿತ ಪರೀಕ್ಷಾ ಸದ್ದನ್ನು ನುಡಿಸಿದಾಗ ಪರದೆಯ ಹಿಂದಿನ ಪ್ರತಿಯೊಂದು ಚಾನೆಲ್ ಕೂಡ ಆಸನದ ಬಳಿ 85 ಡೆಸಿಬಲ್ (ಸಿ-ಮಾನ) ತೋರಬೇಕು. ಅದರ ಮೇಲೆ 20 ಡೆಸಿಬಲ್ ಬಿಡುವು ಇಟ್ಟಿರುವುದರಿಂದ ಒಂದು ಚಾನೆಲ್ 105ರವರೆಗೆ, ಸಬ್‌ವೂಫರ್ 115ರವರೆಗೆ ಏರಬಲ್ಲದು. ಡಾಲ್ಬಿ ಪ್ರೊಸೆಸರ್‌ನಲ್ಲಿ ಈ ಸ್ಥಾನಕ್ಕೆ 7 ಎಂಬ ಅಂಕಿ. ಚಿತ್ರವನ್ನು ಮಿಕ್ಸ್ ಮಾಡುವವರೂ ಪ್ರದರ್ಶಿಸುವವರೂ 7ರಲ್ಲೇ ನಿಲ್ಲಬೇಕು ಎಂಬುದು ಒಪ್ಪಂದ. ವ್ಯವಹಾರದಲ್ಲಿ ಅದು ಮುರಿಯುತ್ತದೆ. ಕಿವಿ ಗಡಚಿಕ್ಕುವ ಟ್ರೇಲರ್ ಕೇಳಿ ಮಂದಿರದವರು ಅಂಕಿ ತಗ್ಗಿಸುತ್ತಾರೆ. ಆಗ ಮಾತು ಕೇಳಿಸುವುದಿಲ್ಲ. ಹೀಗೆ ತಗ್ಗಿಸುತ್ತಾರೆಂದು ತಿಳಿದ ಮಿಕ್ಸಿಂಗ್ ಕೋಣೆಯವರು ಮುಂದಿನ ಚಿತ್ರವನ್ನು ಇನ್ನಷ್ಟು ಏರಿಸಿ ಕಳಿಸುತ್ತಾರೆ. ಡಾಲ್ಬಿಯ ಅಯನ್ ಆಲನ್ 1990ರ ದಶಕದಲ್ಲೇ ಈ ಪೈಪೋಟಿಯನ್ನು ಚರ್ಚಿಸಿದ್ದರು. ಅಮೆರಿಕದ ಉದ್ಯಮ ಟ್ರೇಲರ್‌ಗಳ ಸದ್ದಿಗೆ ತಾನೇ ಮಿತಿ ಹಾಕಿಕೊಂಡಿತು. ಮುಖ್ಯ ಚಿತ್ರಕ್ಕೆ ಹಾಕಲಿಲ್ಲ.

ಇಡೀ ಚಿತ್ರದ ಸರಾಸರಿ ಬಹುಮಟ್ಟಿಗೆ 85ರ ಒಳಗೇ ಇರುತ್ತದೆ, ಸ್ಫೋಟದ ಕ್ಷಣಗಳು ಮಾತ್ರ 100 ದಾಟುತ್ತವೆ ಎಂಬುದು ಉದ್ಯಮದ ಸಮರ್ಥನೆ. ಸರಿಯಾಗಿ ಹೊಂದಿಸಿದ ಮಂದಿರದ ಮಟ್ಟಿಗೆ ಅದು ನ್ಯಾಯವಾದದ್ದೇ. ಆದರೆ ತಾರಾಚಿತ್ರದ ಮೊದಲ ದಿನ ಪರದೆಯ ಸದ್ದಿಗೆ ಶಿಳ್ಳೆ, ಕೇಕೆ, ತಮಟೆಗಳೂ ಕೂಡುತ್ತವೆ. 2022ರ ‘ಕೆಜಿಎಫ್: ಚಾಪ್ಟರ್ 2’ರ ಭಾರಿ ಗುಂಡಿನ ಮಳೆಯನ್ನು, ಅದೇ ವರ್ಷದ ‘ಕಾಂತಾರ’ದ ದೈವದ ಕೂಗನ್ನು ತುಂಬಿದ ಮಂದಿರದಲ್ಲಿ ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಜೊತೆಗೆ, ಸದ್ದಿನ ಹಂಚಿಕೆ ಸಮನಾಗಿರದ ಹಳೆಯ ಮಂದಿರಗಳಲ್ಲಿ ಸ್ಪೀಕರಿಗೆ ಅತಿ ಹತ್ತಿರದ ಸಾಲು ಗಾಂಧಿ ಕ್ಲಾಸ್. ಕಡಿಮೆ ದರದ ಟಿಕೆಟ್ಟಿಗೆ ಹೆಚ್ಚಿನ ಸದ್ದು.

4. ತೋಟದ ವಾರ

ಆ ಸಾಲಿನಲ್ಲಿ ಕೂರುವವರ ವರ್ಷ ಹೇಗಿದೆ? ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಹೂವಿಗಾಗಿ ಸ್ಪ್ರಿಂಕ್ಲರ್ ನೀರು. ಕೆರೆಯಂಚಿನಲ್ಲಿ ಡೀಸೆಲ್ ಪಂಪು. ಮಳೆಗಾಲಕ್ಕೆ ಮುಂಚೆ ಮರಗಸಿ. ದಪ್ಪ ಕೊಂಬೆಗೆ ಚೈನ್‌ಸಾ. ಮಳೆ ಹಿಡಿದ ಮೇಲೆ ಕಳೆ. ಹೆಗಲಿಗೆ ಪೆಟ್ರೋಲ್ ಯಂತ್ರ. ನವೆಂಬರ್‌ನಿಂದ ಕೊಯ್ಲು, ಹಗಲು ಕುಯ್ದ ಹಣ್ಣು ಸಂಜೆಗೇ ಪಲ್ಪರ್‌ಗೆ. ಆನೆ ಓಡಾಡುವ ಮೂಡಿಗೆರೆ ಕಡೆಯ ತೋಟಗಳಲ್ಲಿ ಇವುಗಳ ನಡುವೆ ಪಟಾಕಿಯ, ಕೋವಿಯ ಈಡಿನ ಸಿಡಿತವೂ ಉಂಟು.

ಕಳೆ ಯಂತ್ರ ನಡೆಸುವವನ ಕಿವಿಯ ಬಳಿ 90ರಿಂದ 100 ಡೆಸಿಬಲ್, ಚೈನ್‌ಸಾ ಹಿಡಿದವನ ಬಳಿ 100ಕ್ಕೂ ಮೇಲೆ ಇರುವುದು ಸಾಮಾನ್ಯ. 97 ಡೆಸಿಬಲ್‌ನ ಯಂತ್ರವನ್ನು ಕಿವಿಗೆ ರಕ್ಷಣೆಯಿಲ್ಲದೆ ಮೂರು ಗಂಟೆ ನಡೆಸಿದವನು ಮೇಲಿನ ಶಿಫಾರಸಿನಂತೆ ಆರು ದಿನದ ಪಾಲನ್ನು ಒಂದೇ ಹೊತ್ತಿನಲ್ಲಿ ಉಂಡಿರುತ್ತಾನೆ. ಅದೇ ಸಂಜೆ ಅವನು ಸರಾಸರಿ 85ರ ಚಿತ್ರ ನೋಡಿದರೂ ಒಂದು ದಿನದ ಪಾಲಿನ ಸುಮಾರು ಮೂರನೆಯ ಒಂದು ಭಾಗ ಮತ್ತೆ ಸೇರುತ್ತದೆ. ಉಳಿದವರಿಗೆ ನಿರಪಾಯವಾದ ಚಿತ್ರ ಅವನಿಗೆ ಸಾಲದ ಮೇಲಿನ ಸಾಲ.

ಇನ್ನೂ ಮುಖ್ಯವಾದದ್ದು ವಿರಾಮ. ದಣಿದ ಕಿವಿ ಚೇತರಿಸಿಕೊಳ್ಳಲು ನಿಶ್ಶಬ್ದದ ಗಂಟೆಗಳು ಬೇಕು. ಅಮೆರಿಕದ ಕಾರ್ಮಿಕ ನಿಯಮ ಮೊದಲ ಶ್ರವಣ ಪರೀಕ್ಷೆಗೆ ಮುನ್ನ ಕನಿಷ್ಠ 14 ಗಂಟೆ ಕೆಲಸದ ಸದ್ದಿನಿಂದ ದೂರವಿರಬೇಕೆನ್ನುವುದು ಇದೇ ಕಾರಣಕ್ಕೆ. ನಾಲ್ಕೂವರೆಗೆ ಯಂತ್ರ ಇಳಿಸಿ ಆರೂವರೆಯ ಆಟಕ್ಕೆ ಕುಳಿತವನಿಗೆ ಸಿಕ್ಕಿದ್ದು ಎರಡು ಗಂಟೆ, ಅದೂ ಜೀಪಿನ ಸದ್ದಿನಲ್ಲಿ.

5. ಜೀರುಂಡೆಯ ಸಾಕ್ಷ್ಯ

ಒಳಕಿವಿಯ ಕಾಕ್ಲಿಯದಲ್ಲಿ ಸುಮಾರು 12,000 ಹೊರ ಕೇಶಕೋಶಗಳೂ 3,500 ಒಳ ಕೇಶಕೋಶಗಳೂ ಇವೆ. ಮನುಷ್ಯನಲ್ಲಿ ಇವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆಟ ಬಿಟ್ಟ ಮೇಲೆ ಕಿವಿ ಗುಂಯ್‌ಗುಟ್ಟಿ ಮರುದಿನ ಸರಿಯಾದರೆ ಹಾನಿಯೂ ಹೋಯಿತು ಎಂದೇ ಬಹುಕಾಲ ತಿಳಿಯಲಾಗಿತ್ತು. 2009ರಲ್ಲಿ ಶರನ್ ಕುಜಾವ ಮತ್ತು ಚಾರ್ಲ್ಸ್ ಲಿಬರ್‌ಮನ್ ಇಲಿಗಳಲ್ಲಿ ತೋರಿಸಿದ್ದು ಬೇರೆ: ಕೇಳುವ ಶಕ್ತಿ ಮೇಲ್ನೋಟಕ್ಕೆ ಮರಳಿದ ಮೇಲೂ ಕೇಶಕೋಶಕ್ಕೂ ನರಕ್ಕೂ ನಡುವಿನ ಕೊಂಡಿಗಳು ಶಾಶ್ವತವಾಗಿ ಕಳಚಿದ್ದವು. ಮನುಷ್ಯರಲ್ಲಿ ಇದರ ಪ್ರಮಾಣ ಇನ್ನೂ ಚರ್ಚೆಯಲ್ಲಿದೆ.

ಸದ್ದಿನಿಂದಾಗುವ ನಷ್ಟ ಸಾಮಾನ್ಯವಾಗಿ ಮೊದಲು ಕಾಣುವುದು 4,000 ಹರ್ಟ್ಸ್ ಆಸುಪಾಸಿನಲ್ಲಿ. ಜೀರುಂಡೆಯ ಕೂಗಿನ ಬಹುಭಾಗ ಆ ಎತ್ತರದ ಶ್ರುತಿಗಳಲ್ಲೇ ಇರುತ್ತದೆ. ಕನ್ನಡದ ‘ಸ’, ‘ಶ’ಗಳ ಗುರುತೂ ಅಲ್ಲೇ. ಈಗೀಗ ಜೀರುಂಡೆಯೇ ಇಲ್ಲ ಎಂದು ಹಿರಿಯರೊಬ್ಬರು ಹೇಳಿದರೆ ಕಾಡನ್ನು ಪರೀಕ್ಷಿಸುವ ಮೊದಲು ಅವರ ಕಿವಿಯನ್ನು ಪರೀಕ್ಷಿಸಬೇಕು. ‘ಸರಿ’ಯನ್ನು ‘ತರಿ’ ಎಂದು ಕೇಳಿಸಿಕೊಳ್ಳುವುದು, ಸಂತೆಯ ಗದ್ದಲದಲ್ಲಿ ಮಾತು ತಪ್ಪುವುದು ಮುಂದಿನ ಹಂತ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಸಂಶೋಧಕರು ಗದ್ದಲದ ನಡುವೆ ಮಾತು ಗ್ರಹಿಸುವ ಶಕ್ತಿಯನ್ನು ಅಳೆಯಲು ಕನ್ನಡ ವಾಕ್ಯಗಳ ಪರೀಕ್ಷೆಗಳನ್ನೇ ರೂಪಿಸಿದ್ದಾರೆ. ಸಲಕರಣೆ ನಮ್ಮ ಭಾಷೆಯಲ್ಲೇ ಸಿದ್ಧವಿದೆ.

6. ಕಾನೂನು ಯಾರ ಕಿವಿಯನ್ನು ಕಾಯುತ್ತದೆ?

2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್, ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55 ಎಂದು ಗೊತ್ತುಪಡಿಸಿವೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದು. ಮುಚ್ಚಿದ ಸಭಾಂಗಣಗಳ ಒಳಗಿನ ಬಳಕೆಗೆ ವಿನಾಯಿತಿ. ಮೇರೆಯಲ್ಲಿ ಅಳೆಯುವ ಈ ನಿಯಮ ಮಂದಿರದ ಪಕ್ಕದ ಮನೆಯವರನ್ನು ಕಾಯುತ್ತದೆ, ಒಳಗೆ ಕುಳಿತವರನ್ನಲ್ಲ. ಗೋಡೆ ದಪ್ಪವಾದಷ್ಟೂ ಮಾಲೀಕರು ಕಾನೂನಿಗೆ ಹತ್ತಿರ. 1948ರ ಕಾರ್ಖಾನೆ ಕಾಯ್ದೆ ಶಬ್ದಜನ್ಯ ಶ್ರವಣನಷ್ಟವನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿಟ್ಟಿತು. ಆದರೆ ತೋಟದ ಗುಡ್ಡ ಕಾರ್ಖಾನೆಯಲ್ಲ. ಕಳಸದ ನೆರೆಯ ಕುದುರೆಮುಖದಲ್ಲಿ 2005ರ ಕೊನೆಗೆ ಗಣಿಗಾರಿಕೆ ನಿಲ್ಲುವವರೆಗೆ ಗಣಿ ಸುರಕ್ಷತೆಯ ಮಿತಿಗಳಿದ್ದವು. ಗಣಿಯಿಂದ ಆಚೆ, ತೋಟದಲ್ಲೂ ಮಂದಿರದಲ್ಲೂ ಮೀಟರ್ ಹಿಡಿದು ನಿಲ್ಲುವ ಹೊಣೆ ಯಾರ ಮೇಲೂ ಬೀಳಲಿಲ್ಲ.

ಅಮೆರಿಕದ ಕನೆಕ್ಟಿಕಟ್‌ನಲ್ಲಿ 2014ರಲ್ಲಿ ಚಿತ್ರಮಂದಿರಕ್ಕೆ 85 ಡೆಸಿಬಲ್ ಮಿತಿಯ ಮಸೂದೆ ಬಂದು ಬಿದ್ದುಹೋಯಿತು. ಸ್ವಿಟ್ಜರ್ಲೆಂಡ್‌ನ ದಾರಿ ಹೆಚ್ಚು ವ್ಯಾವಹಾರಿಕ: ಧ್ವನಿವರ್ಧಕ ಬಳಸುವ ಕಾರ್ಯಕ್ರಮಗಳಲ್ಲಿ ಗಂಟೆಯ ಸರಾಸರಿ 93 ದಾಟುವುದಾದರೆ ಪ್ರೇಕ್ಷಕರಿಗೆ ಮುನ್ನೆಚ್ಚರಿಕೆ ಕೊಟ್ಟು ಕಿವಿಬಿರಟೆಯನ್ನು ಉಚಿತವಾಗಿ ಒದಗಿಸಬೇಕು.

7. ಸಮಾರೋಪ

ಕರ್ನಾಟಕದಲ್ಲಿ 1964ರ ಸಿನಿಮಾ ನಿಯಂತ್ರಣ ಕಾಯ್ದೆಯಡಿ ಜಿಲ್ಲೆಗಳಲ್ಲಿ ಚಿತ್ರಮಂದಿರಕ್ಕೆ ಪರವಾನಗಿ ಕೊಡುವವರು ಜಿಲ್ಲಾ ದಂಡಾಧಿಕಾರಿ. ಪರವಾನಗಿ ನವೀಕರಣದ ತಪಾಸಣೆಗೆ ಧ್ವನಿಮಟ್ಟವನ್ನೂ ಸೇರಿಸಿ, ಮೊದಲ ಸಾಲಿನ ಆಸನದಲ್ಲಿ ಅಳೆಯುವುದು ಕಷ್ಟದ ಕೆಲಸವಲ್ಲ. ಮಕ್ಕಳ ಚಿತ್ರಗಳಿಗೆ ಬೇರೆ ಮಿತಿ ಬೇಕು. ತೋಟದ ಕಡೆ, ಕಳೆ ಯಂತ್ರದ ಜೊತೆಗೇ ಕಿವಿಕವಚ ಕೊಡುವುದು ಮಾಲೀಕರ ಹೊಣೆಯಾಗಬೇಕು. ಒಂದು ಸುಧಾರಿಸಿ ಇನ್ನೊಂದನ್ನು ಬಿಟ್ಟರೆ ವಾರದ ಲೆಕ್ಕ ಸರಿಹೋಗುವುದಿಲ್ಲ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು 1934ರ ಮಾರ್ಚ್ 3ರಂದು. ವಿಶ್ವ ಶ್ರವಣ ದಿನವೂ ಮಾರ್ಚ್ 3. ಪ್ರತಿ ವರ್ಷ ಆ ದಿನದ ಮೊದಲ ಆಟಕ್ಕೆ ಮುಂಚೆ ಜಿಲ್ಲೆಯ ಒಂದೊಂದು ಮಂದಿರದಲ್ಲೂ ಮೀಟರ್ ಇಟ್ಟು ಅಳೆದು, ಬಂದ ಅಂಕಿಯನ್ನು ಟಿಕೆಟ್ ಕಿಂಡಿಯ ಬಳಿ ಬರೆದು ಹಾಕಲಿ.