ಅಪ್ಪನ ಹೆಸರಿನ ಕಾಲಂ

ನಾನು ಓದಿದ್ದು ಎಂಜಿನಿಯರಿಂಗ್. ಕಂಪ್ಯೂಟರ್‌ನಲ್ಲಿ ಅರ್ಜಿ ಫಾರಂ ಮಾಡೋಕೆ ಕೂತಾಗ ಮೊದಲು ತೀರ್ಮಾನಿಸೋದು ಏನು ಗೊತ್ತಾ? ಯಾವ ಕಾಲಂ ಕಡ್ಡಾಯ ಅಂತ. ಅದರ ಪಕ್ಕ ಒಂದು ಕೆಂಪು ನಕ್ಷತ್ರ ಇಡ್ತೀವಿ. ತುಂಬದಿದ್ದರೆ ಅರ್ಜಿ ಮುಂದಕ್ಕೆ ಹೋಗಲ್ಲ. ಆ ಪುಟ್ಟ ನಕ್ಷತ್ರ ಒಂದು ಮಗುವಿನ ದಾರಿಗೇ ಅಡ್ಡ ನಿಲ್ಲುತ್ತೆ ಅಂತ ನನಗೆ ಅರ್ಥವಾಗಿದ್ದು ದೇವದುರ್ಗದಲ್ಲಿ.

ವರದಿಗೆಂದು ರಾಯಚೂರಿನಿಂದ ಹೊರಟು, ಮಾನ್ವಿಯಲ್ಲಿ ಕೆಲಸ ಮುಗಿಸಿ, ದೇವದುರ್ಗ ತಾಲೂಕಿನ ಒಂದು ಊರಿಗೆ ಹೋಗಿದ್ದೆ. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಹಾಸ್ಟೆಲ್ ಅರ್ಜಿ ಹಿಡಿದು ಕಟ್ಟೆ ಮೇಲೆ ಕೂತಿದ್ದಳು. ಎಲ್ಲ ತುಂಬಿದ್ದಳು, ಒಂದು ಗೆರೆ ಬಿಟ್ಟು. ಯಾಕಮ್ಮಾ ಅಂದೆ.

"ನಮ್ಮವ್ವಗ ಮುತ್ತು ಕಟ್ಟ್ಯಾರ್ರೀ ಸರ್. ಇಲ್ಲಿ ಮಾವನ ಹೆಸ್ರು ಬರದ್ರ ಸುಳ್ಳ ಆಗ್ತದ. ಖಾಲಿ ಬಿಟ್ರ ವಾಪಸ್ ಕೊಡ್ತಾರ."

ಮುತ್ತು ಕಟ್ಟೋದು ಅಂದ್ರೆ ದೇವದಾಸಿ ಮಾಡೋದು. ಈ ಪದ್ಧತಿಯ ಕ್ರೌರ್ಯದ ಬಗ್ಗೆ ನಾವು ಟಿವಿಯವರು ಬೇಕಾದಷ್ಟು ಕೂಗಿದ್ದೀವಿ. ಆದರೆ ಆ ಮನೆಯಲ್ಲಿ ಮಕ್ಕಳು ಹೇಗೆ ಬೆಳೆಯುತ್ತಾರೆ ಅಂತ ಯಾವತ್ತಾದ್ರೂ ಕೇಳಿದ್ದೀವಾ?

ಗಂಡು ಸಂತಾನ ಇಲ್ಲದ ಬಡ ಕುಟುಂಬ, ಹೆಚ್ಚಾಗಿ ದಲಿತ ಕುಟುಂಬ, ಒಬ್ಬ ಮಗಳನ್ನು ದೇವರಿಗೆ ಬಿಟ್ಟು ಮನೆಯಲ್ಲೇ ಉಳಿಸಿಕೊಳ್ಳುವುದು ಈ ಭಾಗದಲ್ಲಿ ನಡೆದುಬಂದ ರೂಢಿ. ಆಕೆ ಮಗನ ಜಾಗದಲ್ಲಿ ನಿಲ್ಲುತ್ತಾಳೆ. ಹೆತ್ತವರನ್ನು ನೋಡಿಕೊಳ್ಳುತ್ತಾಳೆ. ಅವಳ ಮಕ್ಕಳು ತವರಲ್ಲೇ ಬೆಳೆಯುತ್ತವೆ. ಅಜ್ಜಿ ಜಳಕ ಮಾಡಿಸ್ತಾಳೆ, ಚಿಗವ್ವ ರೊಟ್ಟಿ ಬಡೀತಾಳೆ, ಸೋದರಮಾವ ಇದ್ದರೆ ಶಾಲೆಗೆ ಕರ್ಕೊಂಡು ಹೋಗ್ತಾನೆ. ಅಲ್ಲಿ ಎಲ್ಲರೂ ಇದ್ದಾರೆ, ಒಬ್ಬ ಗಂಡಸನ್ನು ಬಿಟ್ಟು. ಆ ಗಂಡಸಿಗೆ ಯಾವ ಹೊಣೆಯೂ ಇಲ್ಲದ ಹಾಗೆ ನೋಡಿಕೊಂಡದ್ದೇ ಈ ಪದ್ಧತಿ. ತಪ್ಪಿಸಿಕೊಂಡವನು ಅವನು, ತಲೆ ತಗ್ಗಿಸೋದು ಮಗು!

ಇತಿಹಾಸಕ್ಕೆ ಬರೋಣ. ತಾಯಿಯ ಹೆಸರಿಂದ ಗುರುತಿಸಿಕೊಳ್ಳೋದು ನಮ್ಮ ನೆಲದಲ್ಲಿ ಅವಮಾನವಾಗಿತ್ತಾ? ಇಲ್ಲ. ಸುಮಾರು 1,900 ವರ್ಷಗಳ ಹಿಂದೆ ದಖನ್ ಆಳಿದ ಶಾತವಾಹನ ದೊರೆಯ ಹೆಸರು ನೋಡಿ: ಗೌತಮೀಪುತ್ರ ಶಾತಕರ್ಣಿ. ಗೌತಮಿಯ ಮಗ! ರಾಜ್ಯ ಅಪ್ಪನಿಂದ ಬಂದರೂ ಹೆಸರಿನ ಮುಂದೆ ನಿಂತವಳು ಅಮ್ಮ. ತುಳುನಾಡಿನ ಅಳಿಯಕಟ್ಟು ಎಲ್ಲರಿಗೂ ಗೊತ್ತು. ಆಸ್ತಿ, ಕುಟುಂಬದ ಹೆಸರು ಎರಡೂ ಹೆಣ್ಣಿನ ಕಡೆಯಿಂದ. ಅದಕ್ಕೆ 1949ರಲ್ಲಿ ಮದ್ರಾಸ್ ಸರ್ಕಾರ ಕಾಯ್ದೆಯನ್ನೇ ಮಾಡಿತು. ಕರಾವಳಿಯಲ್ಲಿ ಗೌರವದ ಪರಂಪರೆ ಆದದ್ದು ರಾಯಚೂರಿನಲ್ಲಿ ಕಳಂಕ ಆಯ್ತು. ವ್ಯತ್ಯಾಸ ಎಲ್ಲಿದೆ? ಆಸ್ತಿಯಲ್ಲಿದೆ, ಜಾತಿಯಲ್ಲಿದೆ.

ಕಾನೂನು ಬಂದಿಲ್ಲವೇ ಅಂದ್ರೆ, ಬಂತು, ತಡವಾಗಿ. ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ಬಾಂಬೆ ಪ್ರಾಂತ್ಯದಲ್ಲಿ 1934ರಲ್ಲಿ, ಮದ್ರಾಸ್‌ನಲ್ಲಿ 1947ರಲ್ಲಿ ಕಾಯ್ದೆಯಾಯಿತು. ರಾಯಚೂರು ಆಗ ನಿಜಾಮರ ಸೀಮೆ. ಈ ಯಾವ ಕಾಯ್ದೆಯೂ ಗಡಿ ದಾಟಿ ಇಲ್ಲಿಗೆ ಬರಲಿಲ್ಲ. ಇಡೀ ಕರ್ನಾಟಕಕ್ಕೆ ಅನ್ವಯಿಸುವ ನಿಷೇಧ ಕಾಯ್ದೆ ಆದದ್ದು 1982ರಲ್ಲಿ. ಆಮೇಲೆ 1993-94 ಮತ್ತು 2007-08ರಲ್ಲಿ ಸರ್ಕಾರವೇ ಸಮೀಕ್ಷೆ ಮಾಡಿ ರಾಜ್ಯದಲ್ಲಿ ಗುರುತಿಸಿದ ದೇವದಾಸಿಯರು 46,660. ಮುತ್ತು ಕಟ್ಟೋದು ಅಪರಾಧ ಅಂತ ಕಾನೂನು ಹೇಳಿತು, ಸರಿ. ಹುಟ್ಟಿದ ಮಕ್ಕಳ ಫಾರಂ ಏನು ಮಾಡ್ಬೇಕು ಅಂತ ಯೋಚಿಸಲಿಲ್ಲ.

ದೆಹಲಿ ಕಡೆ ಗಾಳಿ ಬದಲಾಗಿತ್ತು. 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಪ್ಪ ಬದುಕಿದ್ದಾಗಲೂ ತಾಯಿ ಸಹಜ ಪೋಷಕಿ ಆಗಬಹುದು ಅಂದಿತು. 2015ರಲ್ಲಿ, ಮದುವೆಯಾಗದ ತಾಯಿ ತನ್ನ ಮಗುವಿನ ಪೋಷಕಿಯಾಗಲು ಅಪ್ಪನ ಹೆಸರು ಹೇಳಬೇಕಿಲ್ಲ ಅಂದಿತು. 2016ರ ಡಿಸೆಂಬರ್‌ನಿಂದ ಪಾಸ್‌ಪೋರ್ಟ್‌ಗೆ ತಂದೆ ಅಥವಾ ತಾಯಿ, ಒಬ್ಬರ ಹೆಸರು ಸಾಕು. ಅಂದ್ರೆ ವಿದೇಶಕ್ಕೆ ಹೋಗಲು ಅವ್ವನ ಹೆಸರು ಸಾಕು, ತಾಲೂಕಿನ ಹಾಸ್ಟೆಲ್‌ಗೆ ಸಾಲದು!

2025ರ ಆಗಸ್ಟ್‌ನಲ್ಲಿ ನಮ್ಮ ವಿಧಾನಸಭೆ ದೇವದಾಸಿಯರ ಕುರಿತ ಹೊಸ ಮಸೂದೆ ಅಂಗೀಕರಿಸಿತು. ಈ ಮಕ್ಕಳಿಗೆ ತಂದೆಯ ಹೆಸರು ಕಡ್ಡಾಯವಲ್ಲ. ಬೇಕಿದ್ದರೆ ತಂದೆ ಯಾರೆಂದು ಗುರುತಿಸಿ ಹಕ್ಕು ಕೇಳುವ ದಾರಿಯೂ ಇದೆ. ಒಳ್ಳೇದು. ಆದರೆ ಎಂಜಿನಿಯರ್ ಆಗಿ ಒಂದು ಮಾತು ಹೇಳ್ತೀನಿ. ಗೆಜೆಟ್‌ನಲ್ಲಿ ಅಕ್ಷರ ಬದಲಾದ ಮಾತ್ರಕ್ಕೆ ಕಂಪ್ಯೂಟರ್‌ನಲ್ಲಿ ಕೆಂಪು ನಕ್ಷತ್ರ ಅಳಿಸಿಹೋಗಲ್ಲ. ಯಾರಾದರೂ ಕೂತು ತೆಗೀಬೇಕು. ಶಾಲೆ, ಹಾಸ್ಟೆಲ್, ಸ್ಕಾಲರ್‌ಶಿಪ್, ಜಾತಿ ಪ್ರಮಾಣಪತ್ರ, ಒಂದೊಂದೇ ಫಾರಂ.

ಇವತ್ತು ಬೆಂಗಳೂರಿನಲ್ಲಿ ಒಬ್ಬಂಟಿ ತಾಯಿ ಮಗು ಸಾಕಿದರೆ ನಾವು ಸ್ಟುಡಿಯೋಗೆ ಕರೆದು ಚಪ್ಪಾಳೆ ತಟ್ಟುತ್ತೇವೆ, ಹೊಸ ಕಾಲದ ಕುಟುಂಬ ಅಂತೀವಿ. ಮಾನ್ವಿ, ದೇವದುರ್ಗದ ಅವ್ವಂದಿರು ತಲೆಮಾರುಗಳಿಂದ ಅದನ್ನೇ ಮಾಡ್ತಾ ಬಂದಿದ್ದಾರೆ, ಆಯ್ಕೆಯಿಂದಲ್ಲ. ಪದ್ಧತಿ ಸಾಯಲೇಬೇಕು. ಮಕ್ಕಳನ್ನು ಸಾಕಿ ನಿಲ್ಲಿಸಿದ ಆ ಮನೆಗೆ ಮರ್ಯಾದೆ ಸಿಗಬೇಕು.

ಆ ಹುಡುಗಿ ಅವತ್ತು 'ತಂದೆಯ ಹೆಸರು' ಅನ್ನುವ ಗೆರೆ ಮೇಲೆ ಅವ್ವನ ಹೆಸರನ್ನೇ ಬರೆದಳು. ಅರ್ಜಿ ವಾಪಸ್ ಬಂತು. ಆಮೇಲೆ ಫೋನ್ ಮಾಡಿದಾಗ ಹೇಳಿದಳು, ಅವ್ವ ಎರಡು ದಿನ ಕೂಲಿ ಬಿಟ್ಟು ಕಚೇರಿಗೆ ಅಲೆದ ಮೇಲೆ ಸೀಟು ಸಿಕ್ಕಿತಂತೆ. ಒಂದು ಖಾಲಿ ಗೆರೆಗೆ ಎರಡು ದಿನದ ಕೂಲಿ. ಅದನ್ನು ಕಟ್ಟಬೇಕಾದವನು ಮಾತ್ರ ಊರಲ್ಲಿ ಆರಾಮಾಗಿ ಓಡಾಡಿಕೊಂಡಿರಬಹುದು.